ಮುಖಕ್ಕೆ ವಿಟಮಿನ್ ‘ಎ’ ಲೇಪ: ಟ್ರೆಟಿನಾಯಿನ್ ಆರಂಭಿಸುವ ಮುನ್ನ ಕೆಲವು ಪ್ರಶ್ನೆಗಳು

ದಾವಣಗೆರೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ ಈಗ 38 ವರ್ಷ. ಎರಡನೆಯ ಹೆರಿಗೆಯಾದ ಮೇಲೆ ಎರಡೂ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಂಡಿತು. ಮೊದಮೊದಲು ಅರಿಶಿನ, ಕಡಲೆಹಿಟ್ಟು, ನಿಂಬೆರಸ ಎಂದು ಮನೆಯಲ್ಲಿ ಇದ್ದುದನ್ನೆಲ್ಲ ಹಚ್ಚಿ ನೋಡಿದೆ. ಯಾವುದರಿಂದಲೂ ಕಡಿಮೆಯಾಗದಿದ್ದಾಗ ಹತ್ತಿರದ ಔಷಧದ ಅಂಗಡಿಯಲ್ಲಿ ಕೇಳಿದೆ, ಅವರು ಒಂದು ಟ್ಯೂಬ್ ಕೊಟ್ಟರು. ಮೂರು ವಾರಗಳಲ್ಲಿ ಬಂಗು ಅರ್ಧಕ್ಕರ್ಧ ಮಾಸಿ, ಮುಖ ಬೆಳ್ಳಗೆ ನುಣುಪಾಯಿತು. ಶಾಲೆಯಲ್ಲಿ ಸಹೋದ್ಯೋಗಿಗಳು ಏನು ಹಚ್ಚುತ್ತೀರಿ ಎಂದು ಕೇಳತೊಡಗಿದರು. ಅವರಲ್ಲಿ ಇಬ್ಬರಿಗೆ ನಾನೇ ಚೀಟಿಯಲ್ಲಿ ಅದರ ಹೆಸರು ಬರೆದುಕೊಟ್ಟೆ. ಇದನ್ನು ನೆನೆದಾಗಲೆಲ್ಲ ಈಗಲೂ ಮನಸ್ಸಿಗೆ ನೋವಾಗುತ್ತದೆ.

ಆ ಟ್ಯೂಬನ್ನು ಎಂಟು ತಿಂಗಳು ಬಿಡದೆ ಬಳಸಿದೆ. ಅಷ್ಟು ಹೊತ್ತಿಗೆ ಒಲೆಯ ಮುಂದೆ ಐದು ನಿಮಿಷ ನಿಂತರೂ ಮುಖವೆಲ್ಲ ಕೆಂಪೇರಿ ಉರಿಯುತ್ತಿತ್ತು. ಕೆನ್ನೆಯ ಮೇಲೆ ದಾರದ ಎಳೆಗಳಂತೆ ರಕ್ತನಾಳಗಳು ಕಾಣತೊಡಗಿದವು, ಗಲ್ಲದ ಮೇಲೆ ಕೂದಲು ಮೂಡಿತು. ಎರಡು ದಿನ ಹಚ್ಚದಿದ್ದರೆ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದುದರಿಂದ ಬಿಡುವುದಕ್ಕೂ ಆಗುತ್ತಿರಲಿಲ್ಲ. ಕೊನೆಗೆ ಚರ್ಮವೈದ್ಯರ ಬಳಿ ಹೋದಾಗ ಅವರು ಆ ಟ್ಯೂಬನ್ನು ನನ್ನ ಕೈಗೇ ಕೊಟ್ಟು, ಹಿಂಬದಿಯ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಎಂದರು. ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1 ಎಂದಿತ್ತು. ಮಕ್ಕಳಿಗೆ ದಿನವೂ ಓದಲು ಕಲಿಸುವ ನಾನು ಎಂಟು ತಿಂಗಳಲ್ಲಿ ಒಮ್ಮೆಯೂ ಅದನ್ನು ಓದಿರಲಿಲ್ಲ.

ಚರ್ಮ ಒಂದು ಹದಕ್ಕೆ ಬರಲು ಆರು ತಿಂಗಳು ಹಿಡಿಯಿತು. ಈಗ ಅದೇ ವೈದ್ಯರು ಟ್ರೆಟಿನಾಯಿನ್ ಶೇ. 0.025 ಇರುವ ಕ್ರೀಮನ್ನು ಮಾತ್ರ ಬರೆದುಕೊಟ್ಟಿದ್ದಾರೆ. ಅದು ವಿಟಮಿನ್ ‘ಎ’ಯಿಂದ ಬಂದದ್ದು, ಹೆದರಬೇಡಿ ಎಂದರು. ಆದರೆ ಅದೇ ಹೆಸರು ಆ ಟ್ಯೂಬಿನ ಮೇಲೂ ಇತ್ತಲ್ಲ? ಹೊಸ ಟ್ಯೂಬ್ ತಂದು ಹನ್ನೊಂದು ದಿನಗಳಾದವು, ಇನ್ನೂ ಮುಚ್ಚಳ ತೆಗೆದಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಚರ್ಮವೈದ್ಯೆ, ಮೈಸೂರು

ಶಿಕ್ಷಕಿಯವರೇ, ನಿಮ್ಮ ಹೆದರಿಕೆಗೆ ಕಾರಣವಿದೆ, ಆದರೆ ತಪ್ಪು ಹೊರಿಸಬೇಕಾದ ಹೆಸರು ಬೇರೆ. ಆ ಮೂರರಲ್ಲಿ ನಿಮ್ಮ ಮುಖವನ್ನು ಕೆಡಿಸಿದ್ದು ಮೊಮೆಟಾಸೋನ್, ಅಂದರೆ ಸ್ಟೆರಾಯ್ಡ್. ಉರಿ, ಕೆಂಪು, ಎದ್ದು ಕಾಣುವ ರಕ್ತನಾಳಗಳು, ಗಲ್ಲದ ಕೂದಲು, ಬಿಟ್ಟೊಡನೆ ಏಳುವ ಗುಳ್ಳೆಗಳು ಎಲ್ಲವೂ ಮುಖಕ್ಕೆ ಬಹುಕಾಲ ಸ್ಟೆರಾಯ್ಡ್ ಹಚ್ಚಿದವರಲ್ಲಿ ನಾವು ದಿನನಿತ್ಯ ನೋಡುವ ಲಕ್ಷಣಗಳು. ಈ ಸ್ಥಿತಿಗೆ ‘ಸ್ಟೆರಾಯ್ಡ್‌ನಿಂದ ಹಾಳಾದ ಮುಖ’ ಎಂಬ ಅರ್ಥದ ಹೆಸರನ್ನು ಇಟ್ಟವರು ನಮ್ಮ ದೇಶದ ಚರ್ಮವೈದ್ಯರೇ. ಅದು ಇಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಇದರಿಂದಲೇ ಊಹಿಸಬಹುದು.

ಈ ಮೂರು ಔಷಧಗಳ ಜೋಡಣೆಯ ಮೂಲವನ್ನೂ ಹೇಳಬೇಕು. 1975ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಡೆಕ್ಸಾಮೆಥಾಸೋನ್ ಸೇರಿಸಿ ಕಪ್ಪು ಕಲೆಗಳಿಗೆ ಒಂದು ಸೂತ್ರವನ್ನು ಪ್ರಕಟಿಸಿದರು. ಮೊದಲನೆಯದು ಬಣ್ಣ ತಯಾರಾಗುವುದನ್ನು ತಗ್ಗಿಸುತ್ತದೆ, ಎರಡನೆಯದು ಮೇಲ್ಪದರದ ಜೀವಕೋಶಗಳು ಬೇಗ ಬದಲಾಗುವಂತೆ ಮಾಡುತ್ತದೆ, ಮೂರನೆಯದು ಆ ಎರಡರಿಂದ ಆಗುವ ಕೆರಳಿಕೆಯನ್ನು ಅಡಗಿಸುತ್ತದೆ. ವೈದ್ಯರ ಕಣ್ಗಾವಲಿನಲ್ಲಿ ಕೆಲವೇ ವಾರಗಳ ಮಟ್ಟಿಗೆ ಬಳಸಿದರೆ ಇಂಥ ಜೋಡಣೆ ಇಂದಿಗೂ ಬಂಗಿಗೆ ಒಳ್ಳೆಯ ಔಷಧವೇ. ಅಮೆರಿಕದಲ್ಲಿ 2002ರಲ್ಲಿ ಇದೇ ಬಗೆಯ ಕ್ರೀಮಿಗೆ ಅನುಮತಿ ಸಿಕ್ಕಿತು. ಅದರಲ್ಲಿದ್ದದ್ದು ಫ್ಲುಯೋಸಿನೋಲೋನ್ ಎಂಬ, ಮೊಮೆಟಾಸೋನ್‌ಗಿಂತ ಸೌಮ್ಯವಾದ ಸ್ಟೆರಾಯ್ಡ್. ನಮ್ಮಲ್ಲಿ ಮೊಮೆಟಾಸೋನ್ ಸೇರಿದ ಟ್ಯೂಬುಗಳು ಬಿಳುಪಿನ ಕ್ರೀಮಿನಂತೆ ಕೈಯಿಂದ ಕೈಗೆ ದಾಟಿದವು, ತಿಂಗಳುಗಟ್ಟಲೆ ಬಳಕೆಯಾದವು. ಚರ್ಮವೈದ್ಯರ ಸಂಘ ವರ್ಷಗಳ ಕಾಲ ಒತ್ತಾಯಿಸಿದ ಮೇಲೆ, 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ‘ಶೆಡ್ಯೂಲ್ ಎಚ್’ ಪಟ್ಟಿಗೆ ಸೇರಿಸಿತು.

ಇನ್ನು ಟ್ರೆಟಿನಾಯಿನ್. ಇದು ವಿಟಮಿನ್ ‘ಎ’ಯ ಆಮ್ಲ ರೂಪ. ಚರ್ಮದ ಜೀವಕೋಶದೊಳಗೆ ಇದಕ್ಕೆಂದೇ ಗ್ರಾಹಕಗಳು, ಅಂದರೆ ಇದನ್ನು ಹಿಡಿದುಕೊಳ್ಳುವ ಅಣುಗಳು ಇವೆ. ಅವುಗಳೊಡನೆ ಕೂಡಿ, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನೇ ಇದು ಬದಲಾಯಿಸುತ್ತದೆ. ಪರಿಣಾಮ ನಿಧಾನವಾಗಿ ಕಾಣುವುದಕ್ಕೂ, ಕಂಡದ್ದು ಗಟ್ಟಿಯಾಗಿ ಉಳಿಯುವುದಕ್ಕೂ ಇದೇ ಕಾರಣ. ಸ್ಟೆರಾಯ್ಡ್ ಚರ್ಮವನ್ನು ತೆಳುವಾಗಿಸಿದರೆ, ಟ್ರೆಟಿನಾಯಿನ್ ತಿಂಗಳುಗಳ ಬಳಕೆಯಲ್ಲಿ ಹೊರಚರ್ಮದ ಜೀವಂತ ಪದರವನ್ನು ದಪ್ಪವಾಗಿಸುತ್ತದೆ. ಸಿಪ್ಪೆ ಏಳುವುದನ್ನು ನೋಡಿ ಚರ್ಮ ಸವೆಯುತ್ತಿದೆ ಎಂದು ಅನೇಕರು ತಿಳಿಯುತ್ತಾರೆ. ಉದುರುತ್ತಿರುವುದು ಮೇಲಿನ ಸತ್ತ ಪದರ ಮಾತ್ರ.

ನೀವು ಮುಚ್ಚಳ ತೆಗೆಯಬಹುದು. ಆದರೆ ಹಿಂದಿನ ಟ್ಯೂಬ್ ಕೊಟ್ಟ ಮೂರು ವಾರಗಳ ಹೊಳಪನ್ನು ಇದರಿಂದ ನಿರೀಕ್ಷಿಸಬೇಡಿ. ಆ ಹೊಳಪಿನ ಬಹುಭಾಗ ಸ್ಟೆರಾಯ್ಡ್‌ನದೇ ಆಗಿತ್ತು.

ಔಷಧದ ಅಂಗಡಿ ನಡೆಸುವವನು, ಉಡುಪಿ

ಅಂಗಡಿಯವರ ಕಡೆಯ ಮಾತನ್ನೂ ಹೇಳಬೇಕಾಗಿದೆ. ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಮಂದಿ ಹೆಸರನ್ನೇ ಹೇಳುವುದಿಲ್ಲ. ‘ಆ ನೀಲಿ ಡಬ್ಬಿಯದು’, ‘ಪಕ್ಕದ ಮನೆಯವರು ಹಚ್ಚುವುದು’ ಎನ್ನುತ್ತಾರೆ. ಚೀಟಿ ಕೇಳಿದರೆ ಮುನಿಸಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸಿಕ್ಕಿಯೂ ಬಿಡುತ್ತದೆ. ಕೊಡುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಟ್ಯೂಬ್ ಕೊಳ್ಳುವ ಯಾರಾದರೂ ಮಾಡಬಹುದಾದ ಒಂದು ಕೆಲಸವಿದೆ. ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು, ‘ಇದರಲ್ಲಿರುವುದು’ ಎಂದು ಪಟ್ಟಿ ಮಾಡಿದ ಭಾಗವನ್ನು ಓದಬೇಕು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುಯೋಸಿನೋಲೋನ್ ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೆರಾಯ್ಡ್. ಒಂದೇ ಅಕ್ಷರ ಹೆಚ್ಚುಕಡಿಮೆಯಿರುವ ವ್ಯಾಪಾರದ ಹೆಸರುಗಳಲ್ಲಿ ಒಂದರಲ್ಲಿ ಟ್ರೆಟಿನಾಯಿನ್ ಮಾತ್ರವಿದ್ದರೆ, ಇನ್ನೊಂದರಲ್ಲಿ ಮೂರೂ ಇರುತ್ತವೆ. ನನ್ನ ಸಹಾಯಕ ಹುಡುಗನೇ ಒಮ್ಮೆ ಗೊಂದಲಪಟ್ಟದ್ದರಿಂದ ಆ ಎರಡು ಬಗೆಗಳನ್ನು ಈಗ ಬೇರೆ ಬೇರೆ ಖಾನೆಗಳಲ್ಲಿ ಇಡುತ್ತೇನೆ.

ಟ್ರೆಟಿನಾಯಿನ್ ಬೆಳಕಿಗೆ ಕೆಡುವ ವಸ್ತು, ಆದ್ದರಿಂದಲೇ ರಾತ್ರಿ ಹಚ್ಚಲು ಹೇಳುತ್ತಾರೆ. ಟ್ಯೂಬನ್ನು ಕಿಟಕಿಯ ಬಳಿಯ ಕನ್ನಡಿಯ ಮುಂದೆ ಇಡಬಾರದು. ಮೊಡವೆಗೆ ಬಳಸುವ ಬೆನ್ಝಾಯ್ಲ್ ಪೆರಾಕ್ಸೈಡ್ ಸಹ ಇದನ್ನು ಕೆಡಿಸುತ್ತದೆ. ಎರಡನ್ನೂ ಬರೆದುಕೊಟ್ಟಿದ್ದರೆ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಹಚ್ಚಬೇಕು. ಅಡಾಪಲೀನ್ ಎಂಬ ಇನ್ನೊಂದು ಮೊಡವೆಯ ಔಷಧಕ್ಕೆ ಆ ತೊಂದರೆಯಿಲ್ಲ, ಅದೂ ಬೆನ್ಝಾಯ್ಲ್ ಪೆರಾಕ್ಸೈಡೂ ಒಂದೇ ಟ್ಯೂಬಿನಲ್ಲಿ ಬೆರೆತು ಬರುತ್ತವೆ.

ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಅಕ್ಕ, ನನ್ನದು ಬಂಗು ಅಲ್ಲ, ಮೊಡವೆ. ಆದರೂ ನನ್ನ ತಪ್ಪುಗಳು ನಿಮಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. ನನಗೆ ಬರೆದುಕೊಟ್ಟಿದ್ದು ಅಡಾಪಲೀನ್ ಶೇ. 0.1 ಜೆಲ್. ಇದೂ ವಿಟಮಿನ್ ‘ಎ’ ಬಳಗದ್ದೇ, ಟ್ರೆಟಿನಾಯಿನ್‌ಗಿಂತ ಕಡಿಮೆ ಉರಿಸುತ್ತದೆ ಎಂದು ವೈದ್ಯರು ಹೇಳಿದ್ದರು. ನಾನು ಮೊದಲ ದಿನವೇ ಮುಖ ತೊಳೆದು, ಒದ್ದೆ ಇರುವಾಗಲೇ, ಎದ್ದಿರುವ ಪ್ರತಿಯೊಂದು ಮೊಡವೆಯ ಮೇಲೂ ದಪ್ಪಗೆ ಹಚ್ಚಿದೆ. ಬೇಗ ಗುಣವಾಗಲಿ ಎಂದು ಬೆಳಿಗ್ಗೆಯೂ ಹಚ್ಚಿದೆ. ಐದನೆಯ ದಿನ ಮೂಗಿನ ಪಕ್ಕ ಮತ್ತು ಬಾಯಿಯ ಮೂಲೆಗಳಲ್ಲಿ ಚರ್ಮ ಬಿರಿದು, ಮಿರ್ಚಿ ಭಜಿ ತಿನ್ನಲಾಗದಷ್ಟು ಉರಿಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಮೂರನೆಯ ವಾರದಲ್ಲಿ ಎಂದೂ ಮೊಡವೆ ಬರದಿದ್ದ ಹಣೆಯ ಮೇಲೂ ಗುಳ್ಳೆಗಳೆದ್ದವು. ಔಷಧ ನನಗೆ ಆಗಿಬರುತ್ತಿಲ್ಲವೆಂದು ತೀರ್ಮಾನಿಸಿ ಬಿಟ್ಟುಬಿಟ್ಟೆ. ನಾಲ್ಕು ತಿಂಗಳ ನಂತರ ಮತ್ತೆ ಹೋದಾಗ ವೈದ್ಯರು ಬಿಡಿಸಿ ಹೇಳಿದರು: ರಂಧ್ರಗಳೊಳಗೆ ಕಣ್ಣಿಗೆ ಕಾಣದೆ ಕಟ್ಟಿಕೊಂಡಿರುವ ಬೆಣೆಗಳನ್ನು ಈ ಔಷಧ ಸಡಿಲಿಸುತ್ತದೆ, ಹಾಗಾಗಿ ಮುಂದೆ ಬರಲಿದ್ದ ಮೊಡವೆಗಳು ಒಟ್ಟಿಗೇ ಹೊರಗೆ ಬಂದಂತೆ ಮೊದಲ ಕೆಲವು ವಾರಗಳಲ್ಲಿ ಕೆಲವರಿಗೆ ಹೆಚ್ಚಾಗಬಹುದು, ಫಲ ನೋಡಲು 12 ವಾರ ಬೇಕು. ಹಾಗೆಯೇ, ಇದು ಎದ್ದ ಮೊಡವೆಯ ಮೇಲೆ ಚುಕ್ಕೆಯಿಡುವ ಔಷಧವಲ್ಲ, ಏಳದಂತೆ ತಡೆಯುವ ಔಷಧ, ಆದ್ದರಿಂದ ಮೊಡವೆ ಬರುವ ಜಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು ಎಂದರು. ಇದನ್ನು ಮೊದಲ ಭೇಟಿಯಲ್ಲೇ ಹೇಳಿದ್ದರೆ ನನ್ನ ನಾಲ್ಕು ತಿಂಗಳು ಉಳಿಯುತ್ತಿದ್ದವು. ಬಹುಶಃ ಹೇಳಿಯೂ ಇದ್ದರು, ನಾನೇ ಸರಿಯಾಗಿ ಕೇಳಿಸಿಕೊಂಡಿರಲಿಕ್ಕಿಲ್ಲ.

ಎರಡನೆಯ ಸಲ ವಾರಕ್ಕೆ ಮೂರು ರಾತ್ರಿಯಿಂದ ಆರಂಭಿಸಿದೆ. ಹತ್ತನೆಯ ವಾರದ ಹೊತ್ತಿಗೆ ಹೊಸ ಮೊಡವೆಗಳು ವಾರಕ್ಕೆ ಒಂದೆರಡಕ್ಕೆ ಇಳಿದವು. ಹಳೆಯ ಕಪ್ಪು ಕಲೆಗಳು ಇನ್ನೂ ಇವೆ, ಆದರೆ ತಿಳಿಯಾಗುತ್ತಿವೆ.

ಚರ್ಮವೈದ್ಯೆ, ಮೈಸೂರು

ಹುಬ್ಬಳ್ಳಿಯ ತಮ್ಮ ಬರೆದದ್ದರಲ್ಲಿ ಒಂದು ಮುಖ್ಯವಾದ ವಿಷಯ ಅಡಗಿದೆ. ನಮ್ಮಂಥ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮ ಕೆರಳಿದರೆ ಆ ಕೆರಳಿಕೆಯೇ ಕಪ್ಪು ಕಲೆಯಾಗಿ ಉಳಿಯುತ್ತದೆ. ಬಿಳಿಯ ಚರ್ಮದವರಿಗೆ ಒಂದು ವಾರ ಕೆಂಪಾಗಿ ಹೋಗುವ ಕಡೆ ನಮಗೆ ತಿಂಗಳುಗಟ್ಟಲೆಯ ಕಲೆ ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳ ವಿಡಿಯೊಗಳಲ್ಲಿ ‘ಸಿಪ್ಪೆ ಏಳಲಿ, ಸಹಿಸಿಕೊಳ್ಳಿ’ ಎಂದು ಹೇಳುವುದನ್ನು ನಮ್ಮವರು ಹಾಗೆಯೇ ಪಾಲಿಸಬಾರದು. ಕಲೆ ಹೋಗಲೆಂದು ಹಚ್ಚುವ ಔಷಧದಿಂದಲೇ ಹೊಸ ಕಲೆ ಬರುವುದು ಈ ಅವಸರದಿಂದ.

ಹಾಗೆಂದು ಕಂದು ಚರ್ಮಕ್ಕೆ ಇದು ಒಗ್ಗುವುದಿಲ್ಲವೆಂದು ಅರ್ಥವಲ್ಲ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 54 ಮಂದಿ ಕಪ್ಪು ವರ್ಣೀಯರು ಮೊಡವೆ ಮುಂತಾದವುಗಳಿಂದಾದ ಕಪ್ಪು ಕಲೆಗಳಿಗೆ 40 ವಾರಗಳ ಕಾಲ ಟ್ರೆಟಿನಾಯಿನ್ ಇದ್ದ ಅಥವಾ ಇಲ್ಲದ ಕ್ರೀಮ್ ಹಚ್ಚಿಕೊಂಡಿದ್ದರು. ಔಷಧ ಇದ್ದ ಗುಂಪಿನಲ್ಲಿ ಕಲೆಗಳು ಗಣನೀಯವಾಗಿ ತಿಳಿಯಾದವು. 40 ವಾರ ಎಂಬುದನ್ನು ಗಮನಿಸಿ, ಹೆಚ್ಚುಕಡಿಮೆ ಒಂಬತ್ತು ತಿಂಗಳು.

ನಾನು ರೋಗಿಗಳಿಗೆ ಹೇಳುವ ಕ್ರಮ ಹೀಗಿದೆ. ರಾತ್ರಿ ಸೌಮ್ಯವಾದ ಸಾಬೂನಿನಿಂದ ಮುಖ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಲು ಇಪ್ಪತ್ತು ಮೂವತ್ತು ನಿಮಿಷ ಬಿಡಬೇಕು, ಏಕೆಂದರೆ ಒದ್ದೆ ಚರ್ಮ ಔಷಧವನ್ನು ಹೆಚ್ಚು ಹೀರಿ ಹೆಚ್ಚು ಉರಿಯುತ್ತದೆ. ಇಡೀ ಮುಖಕ್ಕೆ ‘ಬಟಾಣಿ ಗಾತ್ರ’ ಸಾಕು ಎಂದು ಎಲ್ಲೆಡೆ ಬರೆದಿರುತ್ತಾರೆ. ನಮ್ಮವರು ಬಟಾಣಿ ಎಂದರೆ ಸುಲಿದ ಹಸಿ ಬಟಾಣಿಯನ್ನು ನೆನೆಯುವುದರಿಂದ ನಾನು ತೊಗರಿ ಕಾಳಿನಷ್ಟು ಎನ್ನುತ್ತೇನೆ. ಅದನ್ನು ಹಣೆ, ಎರಡು ಕೆನ್ನೆ, ಗಲ್ಲಗಳಿಗೆ ಚುಕ್ಕೆಯಾಗಿಟ್ಟು ಹರಡಬೇಕು. ಕಣ್ಣಿನ ರೆಪ್ಪೆ, ಮೂಗಿನ ಹೊಳ್ಳೆಯ ಮೂಲೆ, ತುಟಿಯ ಅಂಚುಗಳಿಗೆ ಹಚ್ಚಬಾರದು. ಬೇಕಿದ್ದರೆ ಆ ಮೂಲೆಗಳಿಗೆ ಮೊದಲೇ ಸ್ವಲ್ಪ ವ್ಯಾಸಲೀನ್ ಸವರಿಕೊಳ್ಳಿ. ನಿಮ್ಮಂತೆ ಸ್ಟೆರಾಯ್ಡ್‌ನಿಂದ ಬಳಲಿದ ಚರ್ಮವಾದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಔಷಧ, ಮತ್ತೆ ಮಾಯಿಶ್ಚರೈಸರ್ ಹಚ್ಚಿ. ಮೊದಲ ತಿಂಗಳು ವಾರಕ್ಕೆ ಎರಡೇ ರಾತ್ರಿ ಸಾಕು. ಬೆಳಿಗ್ಗೆ ಸನ್‌ಸ್ಕ್ರೀನ್ ತಪ್ಪಿಸಬಾರದು. ಅದನ್ನು ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ತೆಗೆದುಕೊಂಡರೆ ಮುಖ ಕುತ್ತಿಗೆಗಳಿಗೆ ಸರಿಯಾಗುತ್ತದೆ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್ ಮೇಲು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕು ಕೂಡ ಬಂಗನ್ನು ಹೆಚ್ಚಿಸುತ್ತದೆ, ಬಿಳಿಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯದು. ಕೊಡೆ ಹಿಡಿಯಲು ಸಂಕೋಚ ಬೇಡ.

ನಿಂಬೆರಸ, ಕಡಲೆಹಿಟ್ಟಿನ ಉಜ್ಜುವಿಕೆ, ಪಾರ್ಲರಿನ ಬ್ಲೀಚ್ ಇವನ್ನು ನಿಲ್ಲಿಸಿ.

ಐರ್ಲೆಂಡಿನಲ್ಲಿರುವ ಕನ್ನಡಿಗ

ನಾನು ಡಬ್ಲಿನ್‌ನಲ್ಲಿದ್ದೇನೆ. ಇಲ್ಲಿ ಚೀಟಿಯಿಲ್ಲದೆ ಟ್ರೆಟಿನಾಯಿನ್ ಕೊಡುವುದಿಲ್ಲ, ಆದ್ದರಿಂದ ನನ್ನ ಹೆಂಡತಿ ಎರಡು ವರ್ಷಗಳಿಂದ ಅಂಗಡಿಯಲ್ಲಿ ಸಿಗುವ ರೆಟಿನಾಲ್ ಸೀರಮ್ ಬಳಸುತ್ತಿದ್ದಾಳೆ. ಹಣೆಯ ಗೆರೆಗಳು ಸ್ವಲ್ಪ ಮೃದುವಾಗಿವೆ ಎನ್ನುತ್ತಾಳೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಹೊಸ ನಿಯಮ ತಂದು, ಮುಖದ ಸೌಂದರ್ಯ ಸಾಧನಗಳಲ್ಲಿ ರೆಟಿನಾಲ್ ಶೇ. 0.3 ಮೀರಬಾರದು, ಮೈಗೆ ಹಚ್ಚುವ ಲೋಷನ್‌ಗಳಲ್ಲಿ ಶೇ. 0.05 ಮೀರಬಾರದು ಎಂದು ಮಿತಿ ಹಾಕಿದೆ. ಹಾಗಾದರೆ ರೆಟಿನಾಲ್ ಅಪಾಯಕಾರಿಯೇ? ಟ್ರೆಟಿನಾಯಿನ್‌ಗೂ ರೆಟಿನಾಲ್‌ಗೂ ವ್ಯತ್ಯಾಸವೇನು?

ಚರ್ಮವೈದ್ಯೆ, ಮೈಸೂರು

ರೆಟಿನಾಲ್ ಚರ್ಮದೊಳಗೆ ಹೋದ ಮೇಲೆ ಮೊದಲು ರೆಟಿನಾಲ್ಡಿಹೈಡ್ ಆಗಿ, ಅನಂತರ ರೆಟಿನೋಯಿಕ್ ಆಮ್ಲವಾಗಬೇಕು. ಆ ಆಮ್ಲವೇ ಟ್ರೆಟಿನಾಯಿನ್. ದಾರಿಯಲ್ಲಿ ಬಹಳಷ್ಟು ಸೋರಿಹೋಗುವುದರಿಂದ ರೆಟಿನಾಲ್ ಸೌಮ್ಯ, ಅದರ ಫಲವೂ ಸೌಮ್ಯ. ರೆಟಿನೈಲ್ ಪಾಲ್ಮಿಟೇಟ್ ಎಂದು ಬರೆದಿದ್ದರೆ ಅದು ಇನ್ನೂ ಒಂದು ಮೆಟ್ಟಿಲು ಹಿಂದಿದೆ, ಅದಕ್ಕೆ ಹೆಚ್ಚು ಹಣ ಸುರಿಯಬೇಡಿ. ಯುರೋಪಿನ ಮಿತಿಗೆ ಕಾರಣ ರೆಟಿನಾಲ್ ವಿಷವೆಂಬುದಲ್ಲ. ಆಹಾರದಿಂದ, ಮಾತ್ರೆಗಳಿಂದ, ಕ್ರೀಮಿನಿಂದ ಸೇರುವ ಒಟ್ಟು ವಿಟಮಿನ್ ‘ಎ’ ಕೆಲವರಲ್ಲಿ ಮಿತಿ ಮೀರಬಾರದೆಂಬ ಎಚ್ಚರಿಕೆ ಅದು.

ಗೆರೆಗಳ ವಿಷಯದಲ್ಲಿ ಗಟ್ಟಿಯಾದ ಆಧಾರವಿರುವುದು ಟ್ರೆಟಿನಾಯಿನ್‌ಗೆ. ಮೊಡವೆಗೆ ಹಚ್ಚುತ್ತಿದ್ದ ನಡುವಯಸ್ಸಿನ ಮಹಿಳೆಯರು ತಮ್ಮ ಮುಖದ ಗೆರೆಗಳು ಮೃದುವಾದವೆಂದು ಹೇಳಿದ್ದೇ ಈ ಶೋಧಕ್ಕೆ ಮೊದಲ ಸುಳಿವು. 1986ರಲ್ಲಿ ಕ್ಲಿಗ್‌ಮನ್ ಇದನ್ನು ಪ್ರಕಟಿಸಿದರು. 1988ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು 30 ಮಂದಿಯ ಮೇಲೆ 16 ವಾರ ನಡೆಸಿದ ಹೋಲಿಕೆಯ ಪರೀಕ್ಷೆಯಲ್ಲಿ ಅದು ದೃಢಪಟ್ಟಿತು. ಬಿಸಿಲಿನಿಂದ ಬಳಲಿದ ಚರ್ಮದಲ್ಲಿ, ಚರ್ಮಕ್ಕೆ ಬಿಗುವು ಕೊಡುವ ಕಾಲಜನ್ ಎಂಬ ಪ್ರೋಟೀನಿನ ಉತ್ಪತ್ತಿ ಕುಗ್ಗಿರುತ್ತದೆ. 10ರಿಂದ 12 ತಿಂಗಳು ಟ್ರೆಟಿನಾಯಿನ್ ಹಚ್ಚಿದವರಲ್ಲಿ ಅದು ಶೇ. 80ರಷ್ಟು ಹೆಚ್ಚಿತೆಂದೂ, ಔಷಧವಿಲ್ಲದ ಕ್ರೀಮ್ ಹಚ್ಚಿದವರಲ್ಲಿ ಶೇ. 14ರಷ್ಟು ಇಳಿಯಿತೆಂದೂ 1993ರಲ್ಲಿ ವರದಿಯಾಯಿತು.

ಧಾರವಾಡದ ಓದುಗ

ಕ್ಲಿಗ್‌ಮನ್ ಹೆಸರು ಎರಡು ಸಲ ಬಂದುದರಿಂದ ಒಂದು ಮಾತು ಸೇರಿಸಲೇಬೇಕು. 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ ಅವರು ಕೈದಿಗಳ ಚರ್ಮದ ಮೇಲೆ ಔಷಧ, ಸೌಂದರ್ಯ ಸಾಧನ, ಡಯಾಕ್ಸಿನ್‌ನಂಥ ವಿಷವಸ್ತುಗಳ ಪ್ರಯೋಗಗಳನ್ನು ನಡೆಸಿದರು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಏನು ಹಚ್ಚುತ್ತಿದ್ದಾರೆಂಬುದು ಅವರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ, ಬೆನ್ನಿನ ಮೇಲೆ ಚೌಕಾಕಾರದ ಕಲೆಗಳನ್ನು ಹೊತ್ತು ಹೊರಬಂದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು. ಈ ಔಷಧದ ಇತಿಹಾಸವನ್ನು ಹೇಳುವಾಗ ಆ ಜನರನ್ನು ಬಿಟ್ಟು ಹೇಳುವುದು ನನಗೆ ಸರಿಯೆನಿಸುವುದಿಲ್ಲ.

ಶಿರಸಿಯ ಹಿರಿಯರು

ಇಷ್ಟೆಲ್ಲ ಉರಿಸಿಕೊಳ್ಳುವುದಕ್ಕಿಂತ ವಿಟಮಿನ್ ‘ಎ’ಯನ್ನು ಊಟದಲ್ಲೇ ಸೇರಿಸಬಾರದೇ? ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಗಜ್ಜರಿಗಳಲ್ಲಿ ಬೇಕಾದಷ್ಟಿದೆ. ಹಚ್ಚಲೇಬೇಕೆಂದರೆ ನಮ್ಮ ಬಾವಂಚಿಯ ಎಣ್ಣೆಯಿದೆ. ರೆಟಿನಾಲ್‌ಗೆ ಸಮನಾದದ್ದು ಅದರಲ್ಲಿದೆ ಎಂದು ಈಚೆಗೆ ವಿದೇಶದವರೇ ಒಪ್ಪಿದ್ದಾರೆಂದು ಓದಿದ್ದೇನೆ.

ಚರ್ಮವೈದ್ಯೆ, ಮೈಸೂರು

ಹಿರಿಯರ ಮಾತಿನಲ್ಲಿ ಮೊದಲ ಅರ್ಧಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ, ಊಟದ ದೃಷ್ಟಿಯಿಂದ. ವಿಟಮಿನ್ ‘ಎ’ ಕೊರತೆಯಿಂದ ಇರುಳುಗಣ್ಣು ಬರುತ್ತಿದ್ದ ದೇಶ ನಮ್ಮದು. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಅದನ್ನು ಕುಡಿಸುವ ಕಾರ್ಯಕ್ರಮ 1970ರಿಂದ ನಡೆದುಬಂದಿದೆ. ಕೊರತೆ ಇರುವವರಿಗೆ ಸೊಪ್ಪು ತರಕಾರಿ ಔಷಧವೇ ಸರಿ. ಆದರೆ ಕೊರತೆಯಿಲ್ಲದವರು ಎಷ್ಟು ಗಜ್ಜರಿ ತಿಂದರೂ ಅದು ಮುಖದ ಬಂಗಿನ ಜಾಗಕ್ಕೆ ರೆಟಿನೋಯಿಕ್ ಆಮ್ಲವಾಗಿ ತಲುಪುವುದಿಲ್ಲ. ದೇಹ ತನಗೆ ಬೇಕಾದಷ್ಟನ್ನೇ ಬದಲಾಯಿಸಿಕೊಂಡು ಉಳಿದದ್ದನ್ನು ಹಾಗೆಯೇ ಇಡುತ್ತದೆ, ಅತಿಯಾದರೆ ಅಂಗೈ ಹಳದಿಯಾಗುತ್ತದೆ ಅಷ್ಟೆ. ವಿಟಮಿನ್ ‘ಎ’ ಮಾತ್ರೆಗಳನ್ನು ಮಾತ್ರ ಯಾರೂ ತಾವಾಗಿ ನುಂಗಬಾರದು. ಅವು ಯಕೃತ್ತಿನಲ್ಲಿ ಸೇರಿಕೊಂಡು ಹಾನಿ ಮಾಡುತ್ತವೆ.

ಬಾವಂಚಿಯ ವಿಷಯದಲ್ಲಿ ದಯವಿಟ್ಟು ಎಚ್ಚರಿಕೆಯಿರಲಿ. ನೀವು ಓದಿರುವುದು ಬಾಕುಚಿಯೋಲ್ ಎಂಬ, ಆ ಬೀಜದಿಂದ ಬೇರ್ಪಡಿಸಿ ಶುದ್ಧಮಾಡಿದ ಒಂದು ವಸ್ತುವಿನ ಬಗ್ಗೆ. 2019ರಲ್ಲಿ ಪ್ರಕಟವಾದ, 44 ಮಂದಿಯ ಮೇಲಿನ 12 ವಾರಗಳ ಪರೀಕ್ಷೆಯಲ್ಲಿ ಅದು ಗೆರೆ ಮತ್ತು ಕಲೆಗಳಿಗೆ ರೆಟಿನಾಲ್‌ನಷ್ಟೇ ಕೆಲಸ ಮಾಡಿತು, ಉರಿ ಕಡಿಮೆಯಿತ್ತು. ಹೋಲಿಕೆ ರೆಟಿನಾಲ್ ಜೊತೆಗೇ ಹೊರತು ಟ್ರೆಟಿನಾಯಿನ್ ಜೊತೆಗಲ್ಲ. ಹಸಿ ಬೀಜದಲ್ಲಿ, ಅದರ ಎಣ್ಣೆಯಲ್ಲಿ ಸೊರಾಲೆನ್ ಎಂಬ ಬೇರೊಂದು ವಸ್ತುವಿದೆ. ತೊನ್ನಿನ ಚಿಕಿತ್ಸೆಯಲ್ಲಿ ಬಾವಂಚಿಯನ್ನು ಬಳಸುವುದೇ ಅದು ಬಿಸಿಲಿನೊಡನೆ ಸೇರಿ ಚರ್ಮವನ್ನು ಕಪ್ಪಾಗಿಸುತ್ತದೆಂಬ ಕಾರಣಕ್ಕೆ. ಅದನ್ನು ಬಂಗಿನ ಮೇಲೆ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು, ಇದ್ದ ಕಪ್ಪು ಇಮ್ಮಡಿಯಾಗುತ್ತದೆ.

ಶಿವಮೊಗ್ಗದ ಓದುಗಿ

ಡಾಕ್ಟರೇ, ನಾನು ಟ್ರೆಟಿನಾಯಿನ್ ಹಚ್ಚುತ್ತಾ ಐದು ತಿಂಗಳಾಯಿತು. ಮುಂದಿನ ವರ್ಷ ಮಗುವಿಗಾಗಿ ಯೋಚಿಸುತ್ತಿದ್ದೇವೆ. ಯಾವಾಗ ನಿಲ್ಲಿಸಬೇಕು?

ಚರ್ಮವೈದ್ಯೆ, ಮೈಸೂರು

ಪ್ರಯತ್ನ ಆರಂಭಿಸುವ ಮೊದಲೇ ನಿಲ್ಲಿಸಿ, ಹೆರಿಗೆಯಾಗುವವರೆಗೆ ಮುಟ್ಟಬೇಡಿ, ಹಾಲುಣಿಸುವ ಕಾಲದಲ್ಲಿ ನಿಮ್ಮ ವೈದ್ಯರನ್ನು ಕೇಳಿ ನಿರ್ಧರಿಸಿ. ಇದೇ ಬಳಗದ ಐಸೊಟ್ರೆಟಿನಾಯಿನ್ ಗುಳಿಗೆ ಗರ್ಭದ ಶಿಶುವಿಗೆ ತೀವ್ರ ವೈಕಲ್ಯ ತರುತ್ತದೆಂಬುದು ಖಚಿತ. ಹಚ್ಚುವ ಔಷಧ ರಕ್ತಕ್ಕೆ ಸೇರುವುದು ತೀರ ಅಲ್ಪ, ಹೀಗಾಗಿ ತಿಳಿಯದೆ ಕೆಲವು ದಿನ ಹಚ್ಚಿದವರು ಗಾಬರಿಪಡುವ ಅಗತ್ಯವಿಲ್ಲ, ತಮ್ಮ ವೈದ್ಯರಿಗೆ ತಿಳಿಸಿದರೆ ಸಾಕು. ಆದರೆ ಸೌಂದರ್ಯಕ್ಕಾಗಿ ಆ ಅಲ್ಪವನ್ನೂ ಒಪ್ಪಿಕೊಳ್ಳುವ ಕಾರಣವಿಲ್ಲ. ಆ ಅವಧಿಯಲ್ಲಿ ಬಂಗು, ಮೊಡವೆಗಳಿಗೆ ಅಝಲೆಯಿಕ್ ಆಮ್ಲದ ಕ್ರೀಮ್ ಸುರಕ್ಷಿತ.

ದಾವಣಗೆರೆಯ ಶಿಕ್ಷಕಿ

ನಿಮ್ಮೆಲ್ಲರ ಮಾತುಗಳನ್ನು ಓದಿದ ದಿನವೇ ಟ್ಯೂಬಿನ ಮುಚ್ಚಳ ತೆಗೆದೆ. ಇಂದಿಗೆ ಹದಿನಾಲ್ಕು ವಾರಗಳಾದವು, ಆದ್ದರಿಂದ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮೊದಲ ತಿಂಗಳು ಬುಧವಾರ ಮತ್ತು ಶನಿವಾರ ರಾತ್ರಿ ಮಾತ್ರ ಹಚ್ಚಿದೆ. ಮೊದಲ ಸಲ ಅಡುಗೆಮನೆಯ ಡಬ್ಬಿಯಿಂದ ಒಂದು ತೊಗರಿ ಕಾಳನ್ನು ತಂದು ಅಂಗೈಯಲ್ಲಿಟ್ಟುಕೊಂಡು, ಅದರ ಪಕ್ಕದಲ್ಲಿ ಅಷ್ಟೇ ಕ್ರೀಮ್ ಹಿಂಡಿದೆ. ಇಷ್ಟೇ ಇಷ್ಟು ಇಡೀ ಮುಖಕ್ಕೆ ಹೇಗೆ ಸಾಲುತ್ತದೆ ಎನಿಸಿತು, ಆದರೆ ಸಾಲಿತು. ಸ್ವಲ್ಪ ಸಿಪ್ಪೆ ಎದ್ದದ್ದು ಬಿಟ್ಟರೆ ಉರಿಯಲಿಲ್ಲ. ಎರಡನೆಯ ತಿಂಗಳಿನಿಂದ ಒಂದು ದಿನ ಬಿಟ್ಟು ಒಂದು ದಿನ ಹಚ್ಚುತ್ತಿದ್ದೇನೆ.

ನಡುವೆ ಒಂದು ಎಡವಟ್ಟಾಯಿತು. ಸಂಬಂಧಿಕರ ಮದುವೆಗೆಂದು ಮೇಲ್ತುಟಿಗೆ ವ್ಯಾಕ್ಸ್ ಮಾಡಿಸಿದಾಗ ಕೂದಲಿನೊಡನೆ ಚರ್ಮವೂ ಕಿತ್ತುಬಂದು, ಒಂದು ರೂಪಾಯಿ ನಾಣ್ಯದಷ್ಟಗಲ ಹಸಿಯಾಯಿತು. ಆ ಕಲೆ ಮಾಸಲು ಐದು ವಾರ ಬೇಕಾಯಿತು. ವೈದ್ಯರು ಮುಂದೆ ವ್ಯಾಕ್ಸ್ ಬೇಡವೇ ಬೇಡ, ದಾರದಲ್ಲಿ ತೆಗೆಸುವುದಾದರೂ ಒಂದು ವಾರ ಮುಂಚಿತವಾಗಿ ಆ ಜಾಗಕ್ಕೆ ಔಷಧ ನಿಲ್ಲಿಸಿ ಎಂದಿದ್ದಾರೆ. ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

ಬಂಗು ಹೋಗಿಲ್ಲ. ಬಲಗೆನ್ನೆಯದು ಅಂಚುಗಳಲ್ಲಿ ಚದುರಿ ತಿಳಿಯಾಗಿದೆ, ಎಡಗೆನ್ನೆಯದು ಇನ್ನೂ ಸ್ಪಷ್ಟವಾಗಿಯೇ ಇದೆ. ಸ್ಕೂಟರಿನಲ್ಲಿ ಶಾಲೆಗೆ ಹೋಗುವಾಗ ಬೆಳಗಿನ ಬಿಸಿಲು ಎಡಗಡೆಯಿಂದ ಬೀಳುತ್ತದೆ ಎಂಬುದು ಹೊಳೆದ ಮೇಲೆ ದುಪಟ್ಟಾ ಕಟ್ಟಿಕೊಂಡು ಹೋಗುತ್ತಿದ್ದೇನೆ. ಚರ್ಮದ ಒರಟು ಮಾತ್ರ ಪೂರ್ತಿ ಕಡಿಮೆಯಾಗಿದೆ, ಒಲೆಯ ಮುಂದೆ ನಿಂತರೆ ಈಗ ಉರಿಯುವುದಿಲ್ಲ.

ನಾನು ಚೀಟಿ ಬರೆದುಕೊಟ್ಟಿದ್ದ ಇಬ್ಬರು ಸಹೋದ್ಯೋಗಿಗಳ ಬಳಿಯೂ ಹೋಗಿ ನಡೆದದ್ದನ್ನು ಹೇಳಿದೆ. ಒಬ್ಬರು ಎರಡು ಟ್ಯೂಬ್ ಮುಗಿದ ಮೇಲೆ ತಾವಾಗಿಯೇ ಬಿಟ್ಟಿದ್ದರಂತೆ, ಏನೂ ಆಗಿರಲಿಲ್ಲ. ಇನ್ನೊಬ್ಬರು ಹದಿನಾರು ತಿಂಗಳಿನಿಂದ ಹಚ್ಚುತ್ತಲೇ ಇದ್ದರು. ಮರುದಿನ ಅವರು ಆ ಟ್ಯೂಬನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದರು. ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನ ಕಿಟಕಿಯ ಬೆಳಕಿಗೆ ಹಿಡಿದು ಮೂರೂ ಹೆಸರುಗಳನ್ನು ಇಬ್ಬರೂ ಸೇರಿ ಓದಿದೆವು. ಈ ಶನಿವಾರ ಅವರನ್ನು ನಮ್ಮ ವೈದ್ಯರ ಬಳಿ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿಯವರೆಗೆ ಒಮ್ಮೆಲೇ ನಿಲ್ಲಿಸಬೇಕೋ, ನಿಧಾನವಾಗಿ ಬಿಡಿಸಬೇಕೋ ಎಂದು ಕೇಳುತ್ತಿದ್ದಾರೆ, ಮೈಸೂರಿನ ಡಾಕ್ಟರು ತಿಳಿಸಬೇಕು.

ಚರ್ಮವೈದ್ಯೆ, ಮೈಸೂರು

ಶನಿವಾರಕ್ಕೆ ಮೂರೇ ದಿನಗಳಿರುವುದರಿಂದ ಈಗ ಹಚ್ಚುತ್ತಿರುವುದನ್ನು ಹಾಗೆಯೇ ಮುಂದುವರಿಸಲಿ, ಆದರೆ ಹೊಸ ಟ್ಯೂಬ್ ಕೊಳ್ಳುವುದು ಬೇಡ. ಹದಿನಾರು ತಿಂಗಳ ಸ್ಟೆರಾಯ್ಡ್ ಅನ್ನು ತಾವಾಗಿ ಒಮ್ಮೆಲೇ ನಿಲ್ಲಿಸಿದರೆ ಮುಖ ಊದಿಕೊಂಡು ಉರಿಯಬಹುದು, ಹೆದರಿ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ಚರ್ಮವನ್ನು ನೋಡಿದ ವೈದ್ಯರೇ ಬಿಡಿಸುವ ಕ್ರಮವನ್ನು ಹೇಳಲಿ. ಆ ಟ್ಯೂಬನ್ನು ತಪ್ಪದೆ ಜೊತೆಗೆ ಕೊಂಡೊಯ್ಯಿರಿ, ಹಳೆಯ ಖಾಲಿ ಟ್ಯೂಬುಗಳು ಮನೆಯಲ್ಲಿದ್ದರೆ ಅವೂ ಇರಲಿ.